ಬೇಸಿಗೆಯ ಮಧ್ಯಾಹ್ನ ನಮ್ಮ ಮಕ್ಕಳು ಎಲ್ಲಿರುತ್ತಾರೆ?

(ಮಂಡ್ಯದಲ್ಲಿ ತಾಯಂದಿರು ಮತ್ತು ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಮಧ್ಯಾಹ್ನ ಮೂರು ಗಂಟೆ. ಶಾಲೆಗೆ ರಜೆ. ನಾವೆಲ್ಲ ಇಲ್ಲಿ ಬಂದು ಕೂತಿದ್ದೇವೆ. ಹಾಗಾದರೆ ನಮ್ಮ ಮಕ್ಕಳು ಈ ಹೊತ್ತಿನಲ್ಲಿ ಎಲ್ಲಿದ್ದಾರೆ? ಯಾರ ಜೊತೆ ಇದ್ದಾರೆ? ಊಟ ಆಗಿದೆಯಾ? ಇವತ್ತು ನಾನು ಮಾತಾಡುವುದು ಇಷ್ಟರ ಬಗ್ಗೆ ಮಾತ್ರ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಮಂಡ್ಯದಲ್ಲಿ, ಶಾಲೆ ನಾಲೆ ಪಕ್ಕದ ಹಳ್ಳಿಯಲ್ಲಿ. ಮನೆಯಲ್ಲಿ ಇಬ್ಬರು ಮಕ್ಕಳು. ಹಾಗಾಗಿ ಬೇಸಿಗೆ ರಜೆಯನ್ನು ತಾಯಿಯಾಗಿಯೂ ನೋಡುತ್ತೇನೆ, ಶಿಕ್ಷಕಿಯಾಗಿಯೂ ನೋಡುತ್ತೇನೆ. ಏಪ್ರಿಲ್‌ನಲ್ಲಿ ರಿಸಲ್ಟ್ ಹೇಳುವ ದಿನ ಹಳ್ಳಿಯ ತಾಯಂದಿರು ಶಾಲೆಗೆ ಬರುತ್ತಾರೆ. ಮಗು ಪಾಸಾಯಿತು ಅನ್ನುವ ಖುಷಿ ಒಂದು ಗಳಿಗೆ. ಆಮೇಲೆ ಅವರು ಕೇಳುವ ಮಾತು ಪ್ರತಿ ವರ್ಷವೂ ಅದೇ. "ರಜ ಎಲ್ಲಿಗಂಟ ಮೇಡಂ? ನಾವು ಕೂಲಿಗ್ ಹೋದ್ರೆ ಹೈಕ್ಳ ನೋಡ್ಕೊಳೋರ್ಯಾರು?"

2024ರಲ್ಲೂ 2025ರಲ್ಲೂ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು. ಹತ್ತಿರ ಹತ್ತಿರ ಏಳು ವಾರ. ಶಾಲೆ ನಡೆಯುವಾಗ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು ದಾಟುವವರೆಗೆ ಮಗುವಿಗೆ ನೆರಳಿದೆ, ಕುಡಿಯಲು ನೀರಿದೆ, ಬಿಸಿ ಊಟ ಇದೆ, ಜೊತೆಯವರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ನೋಡಿಕೊಳ್ಳುವ ದೊಡ್ಡವರೊಬ್ಬರಿದ್ದಾರೆ. ಗೇಟಿಗೆ ಬೀಗ ಬಿದ್ದ ದಿನ ಇದೆಲ್ಲ ಒಟ್ಟಿಗೆ ನಿಂತುಹೋಗುತ್ತದೆ. ಪಾಠ ನಿಂತಿದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ. ಉಳಿದಿದ್ದು ಯಾರಿಗೂ ಕಾಣುವುದಿಲ್ಲ. ಅದನ್ನು ತುಂಬುವ ಕೆಲಸ ಸದ್ದಿಲ್ಲದೆ ತಾಯಿಯ ತಲೆಗೆ ಬರುತ್ತದೆ.

ಆ ತಾಯಿಗಾದರೂ ಬೇಸಿಗೆಯಲ್ಲಿ ಬಿಡುವಿದೆಯಾ? ನಮ್ಮ ಕಡೆ ಬೆಳಿಗ್ಗೆ ಏಳಕ್ಕೆಲ್ಲ ಗಾರ್ಮೆಂಟ್ಸ್ ಬಸ್ಸು ಬರುತ್ತದೆ. ಹೋದವರು ಮನೆ ಸೇರುವುದು ಕತ್ತಲಾಗುವ ಹೊತ್ತಿಗೆ. ಕಬ್ಬು ಕಡಿಯುವ ಕೆಲಸ ಇರುತ್ತದೆ, ಆಲೆಮನೆ ಇರುತ್ತದೆ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಊಟಕ್ಕೂ ಪುರುಸೊತ್ತಿಲ್ಲ. ಶಾಲೆಗೆ ರಜೆ ಬಂತು ಅಂತ ಇವು ಯಾವುವೂ ನಿಲ್ಲುವುದಿಲ್ಲ.

"ನಿಮಗೇನಮ್ಮ, ಟೀಚರು, ಎರಡು ತಿಂಗಳು ರಜ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೂ ನಮ್ಮ ರಜೆ ಹೇಗಿರುತ್ತದೆ ಅಂತ ಹೇಳಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಮೌಲ್ಯಮಾಪನಕ್ಕೆ ಆದೇಶ ಬರುತ್ತದೆ. ಬೆಳಿಗ್ಗೆ ಹೋದರೆ ಸಂಜೆವರೆಗೂ ಉತ್ತರ ಪತ್ರಿಕೆಯ ಮುಂದೆ ಕೂರಬೇಕು. ಪ್ರತಿ ಅಂಕವನ್ನೂ ಕೂಡಿಸಿ, ಮತ್ತೆ ಕೂಡಿಸಿ ನೋಡಬೇಕು. ಒಂದು ಅಂಕದಲ್ಲಿ ಒಂದು ಮಗುವಿನ ವರ್ಷ ಇರುತ್ತದೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಅಂತ ಆಯಿತು. 2025ರಲ್ಲಿ ಮೊದಲ ಪರೀಕ್ಷೆಯ ರಿಸಲ್ಟ್ ಬಂದಿದ್ದು ಮೇ 2ಕ್ಕೆ. ಎರಡನೇ ಪರೀಕ್ಷೆ ಶುರುವಾಗಿದ್ದು ಮೇ 26ಕ್ಕೆ. ಮಧ್ಯದ ಮೂರು ವಾರ ಫೇಲಾದ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಮಾಡಿಸಬೇಕಲ್ಲ. ಇದು ನನಗೆ ಇಷ್ಟದ ಕೆಲಸ. ಆರೇಳು ಮಕ್ಕಳಿದ್ದಾಗ ಒಬ್ಬೊಬ್ಬರಿಗೆ ಎಲ್ಲಿ ತೊಡಕು ಅಂತ ಚೆನ್ನಾಗಿ ಗೊತ್ತಾಗುತ್ತದೆ. ವರ್ಷವಿಡೀ ತಲೆಗೆ ಹತ್ತದ ತ್ರಿಭುಜದ ಪ್ರಮೇಯ ಮೇ ತಿಂಗಳಲ್ಲಿ ಹತ್ತಿದ ಮಕ್ಕಳನ್ನು ನಾನು ನೋಡಿದ್ದೇನೆ.

ಇನ್ನು ಚುನಾವಣೆ. ನಮ್ಮ ಜಿಲ್ಲೆ 2019ರಲ್ಲಿ ಮತ ಹಾಕಿದ್ದು ಏಪ್ರಿಲ್ 18ಕ್ಕೆ, 2023ರಲ್ಲಿ ಮೇ 10ಕ್ಕೆ, 2024ರಲ್ಲಿ ಏಪ್ರಿಲ್ 26ಕ್ಕೆ. ಎಲ್ಲವೂ ಬೇಸಿಗೆಯೇ. ತರಬೇತಿ, ಮಸ್ಟರಿಂಗ್ ಅಂದರೆ ಮತದಾನದ ಹಿಂದಿನ ದಿನ ಸೇರಿ ಮತಯಂತ್ರ ತೆಗೆದುಕೊಂಡು ಹೊರಡುವುದು, ಮತಗಟ್ಟೆಯಲ್ಲಿ ರಾತ್ರಿ ಕಳೆಯುವುದು. 2015ರ ಜಾತಿ ಸಮೀಕ್ಷೆಗೆ ಮನೆಮನೆ ತಿರುಗಿದ್ದೂ ಏಪ್ರಿಲ್, ಮೇ ಬಿಸಿಲಲ್ಲೇ. ಇಂಥ ದಿನಗಳಲ್ಲಿ ನನ್ನ ಮಕ್ಕಳನ್ನು ಯಾರು ನೋಡಿಕೊಂಡರು? ನಮ್ಮತ್ತೆ.

ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಇಲ್ಲಿ ಕೂತಿರುವ ಬಹಳ ಮನೆಗಳ ಬೇಸಿಗೆ ನಡೆಯುವುದು ಅಜ್ಜಿಯರಿಂದಲೇ. ಬಿಸಿಲೇರುವ ಮುಂಚೆ ಅತ್ತೆ ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋಗುತ್ತಾರೆ. ಹಳೆಯ ಪಂಚೆ ಹಾಸುತ್ತಾರೆ. ಅಕ್ಕಿ ಸಂಡಿಗೆ ಹಿಟ್ಟು ಕಾಯಿಸಿ ಇಟ್ಟಿರುತ್ತಾರೆ. ಮಗಳು ಸಂಡಿಗೆ ಒತ್ತುತ್ತಾಳೆ. ಮಗನಿಗೆ ಕಾಗೆ ಓಡಿಸುವ ಕೆಲಸ, ನಡುನಡುವೆ ಹಸಿ ಹಿಟ್ಟು ತಿನ್ನುವ ಕೆಲಸ. ಮಾರನೇ ದಿನ ಮಜ್ಜಿಗೆ ಮೆಣಸಿನಕಾಯಿ. ಇನ್ನೊಂದು ದಿನ ಹುಣಸೆಹಣ್ಣಿನ ಬೀಜ ಬಿಡಿಸುವುದು. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದು, ಧನಿಯ ಒಣಗಿಸಿ, ಮಿಷನ್‌ಗೆ ಕಳಿಸಿ ವರ್ಷದ ಖಾರದ ಪುಡಿ ಮಾಡಿಸುವುದು. ಮಧ್ಯಾಹ್ನ ಊಟ ಆದಮೇಲೆ ಒಳಗೆ ಚೌಕಾಬಾರ.

ಹೊರಗಿನಿಂದ ನೋಡಿದವರಿಗೆ ಇದು ಅಡುಗೆಮನೆ ಕೆಲಸ. ನನಗೆ ಅದರಲ್ಲಿ ಕಾಣುವುದು ಬೇರೆ. ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ಇಬ್ಬರು ಮಕ್ಕಳು ಒಬ್ಬರ ಕಣ್ಣೆದುರಿಗೆ ಇರುತ್ತಾರೆ. ಬೈದು ಕೂರಿಸಿಲ್ಲ, ಕಟ್ಟಿ ಹಾಕಿಲ್ಲ. ಕೈಗೆ ಕೆಲಸ ಇದೆ, ಜೊತೆಗೆ ಮಾತಿದೆ, ತಾವಾಗಿಯೇ ಕೂತಿದ್ದಾರೆ. ಅತ್ತೆಗೆ ಎಪ್ಪತ್ತು ದಾಟಿದೆ. ಮಂಡಿ ನೋವಿದೆ. ಮಧ್ಯಾಹ್ನ ಒಂದು ಗಂಟೆ ಮಲಗಬೇಕು ಅನಿಸುತ್ತದೆ, ಆದರೆ ಮಕ್ಕಳು ಎದ್ದಿರುವಾಗ ಮಲಗುವುದಿಲ್ಲ. ನಾನು ಮೌಲ್ಯಮಾಪನದಿಂದ ಬರುವಷ್ಟರಲ್ಲಿ ಸುಸ್ತಾಗಿ ಗೋಡೆಗೆ ಒರಗಿ ಕೂತಿರುತ್ತಾರೆ. ಅಜ್ಜಿ ಇದ್ದಾರಲ್ಲ ಅಂತ ಸುಮ್ನೆ ಹೊರಡುವ ನಾವೆಲ್ಲ ಅವರಿಗೂ ವಾರಕ್ಕೆ ಒಂದು ದಿನವಾದರೂ ಬಿಡುವು ಕೊಡಬೇಕು. ಗಂಡಸರಿಗೂ ಈ ಮಾತು ಹೇಳುತ್ತಿದ್ದೇನೆ. ಅಪ್ಪಂದಿರು ರಜೆ ಹಾಕಿ ಮಕ್ಕಳ ಜೊತೆ ಮನೆಯಲ್ಲಿದ್ದರೆ ಏನೂ ಕಡಿಮೆಯಾಗುವುದಿಲ್ಲ.

ಅಜ್ಜಿಯೂ ಇಲ್ಲದ ಮನೆ? ಇದ್ದರೂ ಅಜ್ಜಿಯೇ ಕೂಲಿಗೆ ಹೋಗುವ ಮನೆ? ನನ್ನ ತರಗತಿಯಲ್ಲಿ ಅಂಥ ಮಕ್ಕಳು ಬಹಳ ಇದ್ದಾರೆ.

ಮೊದಲು ಅವರ ಹೊಟ್ಟೆಯ ಮಾತು. ನಮ್ಮ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಬಿಸಿಯೂಟ ಇದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. 2024ರಲ್ಲಿ ರಾಗಿ ಮಾಲ್ಟ್ ಸೇರಿತು, ಮೊಟ್ಟೆ ವಾರದ ಆರು ದಿನಕ್ಕೆ ಹೆಚ್ಚಿತು. ಇಷ್ಟು ತಿಂದು ಮಕ್ಕಳು ಮಾರ್ಚ್ ಹೊತ್ತಿಗೆ ಸ್ವಲ್ಪ ಮೈಕೈ ತುಂಬಿಕೊಂಡಿರುತ್ತಾರೆ. ರಜೆ ಬಂದರೆ ಎಲ್ಲವೂ ಒಂದೇ ಸಲ ನಿಲ್ಲುತ್ತದೆ. ಬೆಳಿಗ್ಗೆ ಮಾಡಿಟ್ಟ ಮುದ್ದೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ಮಗು ಐದು ರೂಪಾಯಿ ಪ್ಯಾಕೆಟ್ ಕುರುಕಲು ತಿಂದು ನೀರು ಕುಡಿಯುತ್ತದೆ. ಬರಗಾಲದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಹೇಳಿದೆ. 2024ರಲ್ಲಿ ನಮ್ಮ ರಾಜ್ಯ ಬರಪೀಡಿತವೆಂದು ಘೋಷಿಸಿದ್ದ 223 ತಾಲ್ಲೂಕುಗಳಲ್ಲಿ ರಜೆಯಲ್ಲೂ ಊಟ ಕೊಡಿ ಅಂತ ಸರ್ಕಾರ ಆದೇಶ ಮಾಡಿತು. ಅಂದರೆ ಇದು ಮಾಡಬಹುದಾದ ಕೆಲಸ. ಅಡುಗೆಮನೆ ಇದೆ, ಪಾತ್ರೆ ಇದೆ, ಮಾಡಿ ಅಭ್ಯಾಸ ಇರುವ ಅಡುಗೆಯವರಿದ್ದಾರೆ. ಹಸಿವು ಬರಗಾಲದ ವರ್ಷ ನೋಡಿಕೊಂಡು ಬರುವುದಿಲ್ಲ. ಮಳೆ ಚೆನ್ನಾಗಿ ಬಂದ ವರ್ಷವೂ ಕೂಲಿಯವರ ಮಗುವಿಗೆ ಮೇ ತಿಂಗಳ ಮಧ್ಯಾಹ್ನ ಹಸಿವಾಗುತ್ತದೆ. ಬೇಸಿಗೆಯ ಊಟ ಪ್ರತಿ ವರ್ಷದ ಕ್ರಮವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಡುಗೆಯವರಿಗೆ ಆ ತಿಂಗಳುಗಳ ಸಂಬಳವನ್ನೂ ಸರಿಯಾಗಿ ಕೊಡಬೇಕು.

ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳನ್ನು ಬಯಲಿಗೆ ಬಿಡಬೇಡಿ. ನೀರುಮಜ್ಜಿಗೆ, ರಾಗಿ ಅಂಬಲಿ, ಪಾನಕ ಮಾಡಿಡಿ. ವಾಂತಿ, ಭೇದಿ ಆದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ. ಉಪ್ಪು ಇದಕ್ಕಿಂತ ಜಾಸ್ತಿ ಹಾಕಬೇಡಿ.

ನಾನು ತುಂಬ ಹೊತ್ತು ಮಾತಾಡಬೇಕು ಅಂದುಕೊಂಡು ಬಂದಿದ್ದು ನೀರಿನ ಬಗ್ಗೆ.

ಮಂಡ್ಯ ನೀರಿನಿಂದ ಬದುಕಿದ ಜಿಲ್ಲೆ. ಕನ್ನಂಬಾಡಿ ಕಟ್ಟೆ ಆಯಿತು, ವಿಶ್ವೇಶ್ವರಯ್ಯ ನಾಲೆ ಬಂತು, ಭತ್ತ ಬಂತು, ಕಬ್ಬು ಬಂತು. ನಾಲೆ ನಮ್ಮ ಮನೆಯವರಷ್ಟೇ ಹತ್ತಿರ. ಅದರ ಪಕ್ಕದಲ್ಲೇ ಬಟ್ಟೆ ಒಗೆಯುತ್ತೇವೆ, ದನ ತೊಳೆಯುತ್ತೇವೆ. ಅಷ್ಟು ಹತ್ತಿರ ಇರುವುದರಿಂದಲೇ ಅದರ ಭಯ ಹೋಗಿದೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆಗ ಇಡೀ ರಾಜ್ಯ ಅತ್ತಿತು. ಒಂದೊಂದೇ ಮಗು ನೀರುಪಾಲಾದಾಗ ಅದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ. ಬೇಸಿಗೆ ರಜೆಯಲ್ಲಿ ಇಂಥ ನಾಲ್ಕು ಸಾಲುಗಳನ್ನು ನಾವು ಪ್ರತಿ ವರ್ಷ ಓದುತ್ತೇವೆ, ಅಲ್ವಾ? ಐದರಿಂದ ಹದಿನಾಲ್ಕು ವರ್ಷದ ಮಕ್ಕಳ ಸಾವಿಗೆ ಪ್ರಪಂಚದಲ್ಲೇ ದೊಡ್ಡ ಕಾರಣಗಳಲ್ಲಿ ಒಂದು ನೀರಿನಲ್ಲಿ ಮುಳುಗುವುದು.

ಬೇಸಿಗೆಯಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನಿಂತ ದಿನಗಳಲ್ಲಿ ಮಕ್ಕಳು ತಳಕ್ಕೆ ಇಳಿದು ಕ್ರಿಕೆಟ್ ಆಡುತ್ತಾರೆ, ಮೀನು ಹುಡುಕುತ್ತಾರೆ. ಇಲ್ಲಿ ಆಳ ಇಷ್ಟೇ ಅಂತ ಅವರ ಮನಸ್ಸಿನಲ್ಲಿ ಕೂರುತ್ತದೆ. ಮುಂದಿನ ವಾರ ನೀರು ಬಂದಾಗ ಅದೇ ಧೈರ್ಯದಲ್ಲಿ ಇಳಿಯುತ್ತಾರೆ. ತುಂಬಿದ ನಾಲೆಯ ಮೇಲ್ಭಾಗ ಶಾಂತವಾಗಿ ಕಾಣುತ್ತದೆ, ಒಳಗೆ ಸೆಳೆತ ಇರುತ್ತದೆ. ಪಕ್ಕದ ಕಾಂಕ್ರೀಟ್ ಇಳಿಜಾರು ಪಾಚಿ ಕಟ್ಟಿರುತ್ತದೆ. ಈಜು ಬರುವ ಗಂಡಾಳೇ ಅಲ್ಲಿ ಹತ್ತಿ ಬರಲು ಒದ್ದಾಡುತ್ತಾನೆ. ಹತ್ತು ವರ್ಷದ ಮಗು ಏನು ಮಾಡೀತು?

ಕೃಷಿ ಹೊಂಡ ಇನ್ನೂ ಮೋಸ. ಹೊಲಕ್ಕೆ ಅದು ಒಳ್ಳೆಯದು, ನಾನು ಬೇಡ ಅನ್ನುವುದಿಲ್ಲ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಒಬ್ಬ ಹುಡುಗ ಜಾರಿದರೆ ಅವನನ್ನು ಹಿಡಿಯಲು ಹೋದ ಅಣ್ಣನೂ ಜಾರುತ್ತಾನೆ. ನಿಮ್ಮ ಹೊಲದಲ್ಲಿ ಹೊಂಡ ಇದ್ದರೆ ಸುತ್ತ ಬೇಲಿ ಹಾಕಿಸಿ. ದಡದ ಗೂಟಕ್ಕೆ ಗಂಟು ಗಂಟಾಗಿ ಕಟ್ಟಿದ ಹಗ್ಗವನ್ನು ನಾಲ್ಕೂ ಕಡೆಯಿಂದ ನೀರಿನವರೆಗೆ ಇಳಿಬಿಡಿ. ಒಂದು ಹಳೆಯ ಟ್ಯೂಬನ್ನೂ ಅಲ್ಲೇ ಕಟ್ಟಿಡಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಕಾವೇರಿಯಲ್ಲಂತೂ ಮರಳು ತೆಗೆದ ಗುಂಡಿಗಳು ಎಲ್ಲಿವೆ ಅಂತ ಹೇಳಲು ಬರುವುದಿಲ್ಲ. ಬಲಮುರಿಗೋ ಸಂಗಮಕ್ಕೋ ನೆಂಟರ ಜೊತೆ ಹೋದಾಗ ದೊಡ್ಡವರೆಲ್ಲ ಊಟ ಬಡಿಸುವುದರಲ್ಲಿ ಇರುತ್ತಾರೆ. ಎಲ್ಲರೂ ಇದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಹೊರಡುವ ಮುಂಚೆಯೇ ಒಬ್ಬರನ್ನು ಗೊತ್ತುಮಾಡಿ. ಅವರ ಕೆಲಸ ಮಕ್ಕಳನ್ನು ನೋಡುವುದು ಮಾತ್ರ. ಫೋನೂ ಅವರ ಕೈಯಲ್ಲಿ ಬೇಡ.

ಮುಳುಗುವ ಮಗು ಕೂಗಿಕೊಳ್ಳುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಬಹಳ ಸಲ ಕೂಗುವುದಿಲ್ಲ. ಉಸಿರಿಗೇ ಒದ್ದಾಡುವಾಗ ದನಿ ಎಲ್ಲಿಂದ ಬರಬೇಕು? ಕೈ ನೀರಿನ ಮಟ್ಟದಲ್ಲೇ ಬಡಿಯುತ್ತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಅಷ್ಟೇ. ದೂರದಿಂದ ನೋಡಿದರೆ ಆಟವಾಡುತ್ತಿದೆ ಅನಿಸುತ್ತದೆ. ಅದಕ್ಕೇ ಹತ್ತಿರದಲ್ಲೇ ಇರಬೇಕು, ಕೈಗೆ ಸಿಗುವಷ್ಟು.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬೇಡಿ. ತಾಯಿ ಕರುಳು ಕೇಳುವುದಿಲ್ಲ, ನನಗೆ ಗೊತ್ತು. ಮಗನ ಹಿಂದೆ ಹಾರಿದ ತಾಯಂದಿರ ಸುದ್ದಿಯನ್ನೂ ಓದಿದ್ದೇವೆ. ದಡದಲ್ಲೇ ಮಲಗಿ ಸೀರೆ ಎಸೆಯಿರಿ. ಉದ್ದನೆ ಕೋಲು ಚಾಚಿ. ಬಾಯಿ ಮುಚ್ಚಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದರೆ ಅದನ್ನು ಅಪ್ಪಿಕೊಂಡು ತೇಲಬಹುದು. ಕೂಗಿ ಜನ ಸೇರಿಸಿ. 112ಕ್ಕೋ 108ಕ್ಕೋ ಒಬ್ಬರು ಫೋನ್ ಮಾಡಲಿ. ಮೇಲೆ ತಂದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ದಯವಿಟ್ಟು ಬೇಡ. ಅದರಲ್ಲಿ ಹೊತ್ತು ಹಾಳು, ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಇದನ್ನು ಬಾಯಿಮಾತಿನಲ್ಲಿ ಕಲಿಯಲು ಆಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಶಾಲೆಗೆ ಕರೆಸಿ, ಬೊಂಬೆ ಇಟ್ಟು ಮಾಡಿ ತೋರಿಸಲು ಕೇಳೋಣ.

ಮತ್ತೆ ಈಜು. ಹಿಂದೆ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಬಾವಿ ಬತ್ತಿತು, ಈಜೂ ಹೋಯಿತು. ಹೆಣ್ಣುಮಕ್ಕಳಿಗಂತೂ ಆಗಲೂ ಕಲಿಸುತ್ತಿರಲಿಲ್ಲ. ನಾಲೆ ಬಯಲಿನಲ್ಲಿ ಹುಟ್ಟಿದ ಪ್ರತಿ ಮಗುವೂ, ಹುಡುಗಿಯೂ ಸೇರಿ, ಈಜು ಕಲಿತಿರಬೇಕು. ನನ್ನ ಮಗಳನ್ನು ಈಜುಕೊಳಕ್ಕೆ ಸೇರಿಸಿದಾಗ ಕೆಲವರು ಬಟ್ಟೆಯ ಮಾತೆತ್ತಿದರು. ಅವಳು ಈಗ ಹದಿನೈದು ನಿಮಿಷ ತೇಲುತ್ತಾಳೆ. ಅವರ ಮಾತಿಗೆ ಬೇರೆ ಉತ್ತರ ಕೊಡಬೇಕು ಅಂತ ನನಗೆ ಅನಿಸಿಲ್ಲ.

ಓದಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಬರುವ ಮಕ್ಕಳಿಗೆ ಭಾಗಾಕಾರ, ಭಿನ್ನರಾಶಿ ಮರೆತಿರುತ್ತದೆ. ಸೇತುಬಂಧ ಅಂತ ಒಂದಷ್ಟು ದಿನ ಹಳೆಯದನ್ನೇ ಮಾಡಿಸುತ್ತೇವೆ. 1996ರಲ್ಲಿ ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಪರಿಶೀಲಿಸಿ, ಬೇಸಿಗೆ ರಜೆಯಲ್ಲಿ ಸುಮಾರು ಒಂದು ತಿಂಗಳ ಕಲಿಕೆ ಹಿಂದೆ ಬೀಳುತ್ತದೆ, ಗಣಿತದಲ್ಲಿ ಓದಿಗಿಂತ ಜಾಸ್ತಿ ಬೀಳುತ್ತದೆ ಅಂದರು. ಓದಿನಲ್ಲಿ ಹಿಂದೆ ಬಿದ್ದಿದ್ದು ಹೆಚ್ಚಾಗಿ ಬಡವರ ಮಕ್ಕಳು. ಆ ದೇಶದ ಲೆಕ್ಕ ನಮಗೆ ಹಾಗೇ ಹೊಂದಬೇಕಾಗಿಲ್ಲ. ಆದರೆ ಮನೆಯಲ್ಲಿ ಪುಸ್ತಕ ಇರುವ ಮಗು, ಇಲ್ಲದ ಮಗು ಅನ್ನುವ ವ್ಯತ್ಯಾಸ ನನಗೂ ಜೂನ್‌ನಲ್ಲಿ ಕಾಣುತ್ತದೆ. ಅದಕ್ಕಾಗಿ ಏಪ್ರಿಲ್‌ನಲ್ಲೇ ಟ್ಯೂಷನ್ ಹಾಕಿಸುವುದು ಬೇಡ. ಮೈಸೂರಿನ ರಂಗಾಯಣ ನಾಟಕ ಸಂಸ್ಥೆಯ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರ ಸಿಕ್ಕರೆ ಖಂಡಿತ ಕಳಿಸಿ, ಮಕ್ಕಳು ಅಲ್ಲಿ ಅರಳುತ್ತಾರೆ. ಆದರೆ ನಮ್ಮ ಹಳ್ಳಿಯ ಮಗು ಮೈಸೂರಿಗೆ ದಿನಾ ಹೋಗಿ ಬರಲು ಆಗುವುದಿಲ್ಲ. ಅದಕ್ಕೆ ಊರಲ್ಲೇ ಜಾಗ ಬೇಕು.

ಜಾಗ ಇದೆ. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅವನ್ನೇ ಈಗ ಅರಿವು ಕೇಂದ್ರ ಅನ್ನುತ್ತೇವೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಬಹಳ ಪಂಚಾಯಿತಿಗಳು ಅಲ್ಲೇ ಬೇಸಿಗೆ ಶಿಬಿರವನ್ನೂ ನಡೆಸುತ್ತಿವೆ. ಪಂಚಾಯಿತಿಯ ಶಿಶುಪಾಲನಾ ಕೇಂದ್ರ, ಅಂದರೆ ಕೂಸಿನ ಮನೆ ಬಂದ ಮೇಲೆ ಪುಟ್ಟ ಕೂಸುಗಳಿಗೆ ಒಂದು ನೆಲೆ ಆಯಿತು. ಆರರಿಂದ ಹದಿನಾಲ್ಕು ವರ್ಷದವರಿಗೆ ಮಧ್ಯಾಹ್ನ ಒಂದು ನೆಲೆ ಇನ್ನೂ ಆಗಿಲ್ಲ. ಅರಿವು ಕೇಂದ್ರ ಬೆಳಿಗ್ಗೆ, ಸಂಜೆ ತೆರೆದು ನಡುಮಧ್ಯಾಹ್ನ ಮುಚ್ಚಿದರೆ ಮಗುವಿಗೆ ಅದು ಬೇಕಾದ ಹೊತ್ತಲ್ಲೇ ಬಾಗಿಲು ಹಾಕಿದಂತೆ. ಹನ್ನೆರಡರಿಂದ ನಾಲ್ಕರವರೆಗೆ ತೆರೆದಿಡಿ ಅಂತ ಕೇಳೋಣ. ಕೇಂದ್ರ ಇಲ್ಲದ ಊರಲ್ಲಿ ಶಾಲೆಯ ಜಗಲಿ ಸಾಕು. ಒಂದು ಬಿಂದಿಗೆ ನೀರು, ಒಂದು ಪೆಟ್ಟಿಗೆ ಪುಸ್ತಕ, ಅಳಗುಳಿಮಣೆ, ಕೇರಂ ಬೋರ್ಡು. ನೋಡಿಕೊಳ್ಳಲು ದಿನಕ್ಕೆ ಇಬ್ಬರು ದೊಡ್ಡವರು. ಸ್ವಸಹಾಯ ಸಂಘದ ಸದಸ್ಯರು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದು ಮಧ್ಯಾಹ್ನ ಕೂಡ ಬರುವುದಿಲ್ಲ. ಸರದಿಯ ದಿನ ಕೂಲಿ ತಪ್ಪುತ್ತದಲ್ಲ, ಅದಕ್ಕೆ ಪಂಚಾಯಿತಿ ಗೌರವಧನ ಕೊಡಲಿ. ತಾಯಂದಿರ ಹೊತ್ತನ್ನು ಪುಕ್ಕಟೆ ಅಂತ ಎಣಿಸುವುದು ನನಗೆ ಒಪ್ಪಿಗೆಯಿಲ್ಲ.

ಇದನ್ನೆಲ್ಲ ರಜೆ ಶುರುವಾದ ಮೇಲೆ ಮಾತಾಡಿದರೆ ತಡವಾಗುತ್ತದೆ. ಮಾರ್ಚ್ ಮೊದಲ ವಾರದಲ್ಲೇ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಸಭೆ ಕರೆಯಿರಿ. ಶಾಲೆಯ ಬೀಗದ ಕೈ ರಜೆಯಲ್ಲಿ ಯಾರ ಹತ್ತಿರ ಇರಬೇಕು ಅಂತ ಅಲ್ಲೇ ಬರೆಸಿ. ಊರಿನ ಹೊಂಡ, ಕೆರೆ, ಹಾಳು ಬಾವಿ ಎಲ್ಲಿವೆ, ಯಾವುದಕ್ಕೆ ಬೇಲಿ ಇಲ್ಲ ಅಂತ ಪಟ್ಟಿ ಮಾಡಿ ಪಂಚಾಯಿತಿ ಅಧಿಕಾರಿ ಪಿಡಿಒಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನಾಲೆಗೆ ಯಾವ ದಿನ ನೀರು ಬಿಡುತ್ತಾರೆ ಅಂತ ನೀರಾವರಿ ಇಲಾಖೆಯವರು ರೈತರಿಗೆ ಹೇಳುತ್ತಾರಲ್ಲ, ಅದನ್ನೇ ಊರಿನ ಮೈಕಿನಲ್ಲಿ ಮಕ್ಕಳ ತಾಯಂದಿರಿಗೂ ಹೇಳಿಸಿ. ರಜೆಯ ಊಟಕ್ಕೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಮೇಲಕ್ಕೆ ಕಳಿಸಿ. ಅರ್ಜಿ ಬರೆದುಕೊಡುವವರು ಬೇಕಿದ್ದರೆ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಇಲ್ಲೇ ಕೂತು ಬರೆಯೋಣ.